ಹಸುಗೂಸಿನ ಭೇದಿ ಮತ್ತು ನಿರ್ಜಲೀಕರಣ: ಮನೆಯವರೆಲ್ಲ ತಿಳಿದಿರಬೇಕಾದ ಸಂಗತಿಗಳು

(ಸಂಸ್ಥೆಯ ವತಿಯಿಂದ ಪೋಷಕರು ಹಾಗೂ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಆರೋಗ್ಯ ಜಾಗೃತಿ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

 

ನಾನು ವೈದ್ಯಳಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಶಾಲಾ ಶಿಕ್ಷಕಿ. ಕೂಸುಗಳ ಭೇದಿಯ ಬಗ್ಗೆ ಮಾತನಾಡಲು ಭಾಷಾ ಶಿಕ್ಷಕಿಗೆ ಏನು ಅಧಿಕಾರ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಔಷಧಿ ಬರೆಯುವುದು ವೈದ್ಯರ ಕೆಲಸ, ಅದಕ್ಕೆ ನಾನು ಕೈ ಹಾಕುವುದಿಲ್ಲ. ಆದರೆ ಕೂಸಿಗೆ ಭೇದಿ ಶುರುವಾದ ಮೊದಲ ಕೆಲವು ಗಂಟೆಗಳಲ್ಲಿ ಅದರ ಹತ್ತಿರ ವೈದ್ಯರಿರುವುದಿಲ್ಲ. ತಾಯಿ ಇರುತ್ತಾಳೆ, ನಾನಿ ಇರುತ್ತಾರೆ, ದಾದಿ ಇರುತ್ತಾರೆ, ಶಾಲೆಯಿಂದ ಬಂದ ಅಕ್ಕ ಇರುತ್ತಾಳೆ. ಹಾಲು ಕುಡಿಸಬೇಕೋ ನಿಲ್ಲಿಸಬೇಕೋ, ಕಾಯಬೇಕೋ ಆಸ್ಪತ್ರೆಗೆ ಹೊರಡಬೇಕೋ ಎಂಬುದನ್ನು ನಿರ್ಧರಿಸುವವರು ಇವರೇ. ಆ ನಿರ್ಧಾರ ಸರಿಯಾಗಿರಬೇಕಾದರೆ ಮೊದಲೇ ತಿಳಿದಿರಬೇಕು. ತಿಳಿಸುವುದು ಶಿಕ್ಷಕರ ಕೆಲಸ. ಆದ್ದರಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಒಂದು ಗುಟುಕು ನೀರಿನ ಲೆಕ್ಕ

ಹುಟ್ಟಿದ ದಿನದಿಂದ 28 ದಿನಗಳವರೆಗಿನ ಮಗುವನ್ನು ನವಜಾತ ಶಿಶು ಎನ್ನುತ್ತಾರೆ. ಈ 28 ದಿನಗಳ ಕೂಸು ದೊಡ್ಡವರ ಚಿಕ್ಕ ರೂಪವಲ್ಲ, ಅದರ ದೇಹದ ಲೆಕ್ಕವೇ ಬೇರೆ. ದೊಡ್ಡವರ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ನೀರಿದ್ದರೆ, ಹುಟ್ಟಿದ ಕೂಸಿನ ತೂಕದಲ್ಲಿ ನೂರಕ್ಕೆ ಸುಮಾರು 75 ಪಾಲು ನೀರು. ಅದರ ಮೂತ್ರಪಿಂಡಗಳು ಇನ್ನೂ ಬಲಿತಿರುವುದಿಲ್ಲ. ನೀರು ಕಡಿಮೆಯಾದಾಗ ದೊಡ್ಡವರ ಮೂತ್ರಪಿಂಡ ನೀರನ್ನು ಹಿಡಿದಿಟ್ಟುಕೊಳ್ಳುವಂತೆ ಕೂಸಿನದು ಹಿಡಿದಿಡಲಾರದು. ಎಲ್ಲಕ್ಕಿಂತ ಮುಖ್ಯವಾಗಿ, ಬಾಯಾರಿದೆ ಎಂದು ಹೇಳಲು ಅದಕ್ಕೆ ಬಾಯಿಲ್ಲ.

ಗಣಿತದ ಶಿಕ್ಷಕರು ಇಲ್ಲಿದ್ದಾರೆ, ಒಂದು ಸಣ್ಣ ಲೆಕ್ಕ ಮಾಡೋಣ. 60 ಕಿಲೋ ತೂಕದ ಮನುಷ್ಯ ತನ್ನ ತೂಕದ ನೂರಕ್ಕೆ 10 ಪಾಲು ನೀರು ಕಳೆದುಕೊಳ್ಳಬೇಕಾದರೆ 6 ಲೀಟರ್ ಹೋಗಬೇಕು. 3 ಕಿಲೋ ತೂಕದ ಕೂಸಿಗೆ ಅದೇ ಸ್ಥಿತಿ ಬರಲು 300 ಮಿಲಿಲೀಟರ್ ಸಾಕು. ಅಂದರೆ ಒಂದೂವರೆ ಲೋಟ! ನಮ್ಮ ಕಣ್ಣಿಗೆ "ನಾಲ್ಕು ಸಲ ತೆಳ್ಳಗೆ ಹೋಯಿತು, ಅಷ್ಟೇ" ಎಂದು ಕಾಣುವುದು ಕೂಸಿನ ಪಾಲಿಗೆ ಕೊಡ ಬರಿದಾದಂತೆ. ದೊಡ್ಡವರಲ್ಲಿ ಎರಡು ದಿನ ಹಿಡಿಯುವ ಕೆಡುಕು ಕೂಸಿನಲ್ಲಿ ಅರ್ಧ ದಿನದಲ್ಲಿ ಆಗಬಹುದು. ಈ ಒಂದು ಮಾತು ನಿಮ್ಮ ಮನಸ್ಸಿನಲ್ಲಿ ಉಳಿದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಯಾವುದು ಭೇದಿ, ಯಾವುದು ಅಲ್ಲ?

ಮೊದಲು ಗಾಬರಿಯನ್ನು ಕಡಿಮೆ ಮಾಡೋಣ. ಹುಟ್ಟಿದ ಮೊದಲ ಎರಡು ಮೂರು ದಿನ ಕೂಸಿನ ಮಲ ಕಪ್ಪಾಗಿ, ಅಂಟಂಟಾಗಿ ಇರುತ್ತದೆ. ನಂತರ ಹಸಿರು ಮಿಶ್ರಿತವಾಗಿ, ಒಂದು ವಾರದೊಳಗೆ ಹಳದಿಗೆ ತಿರುಗುತ್ತದೆ. ಎದೆಹಾಲು ಮಾತ್ರ ಕುಡಿಯುವ ಕೂಸಿನ ಮಲ ಹಳದಿಯಾಗಿ, ಸಡಿಲವಾಗಿ, ಸಾಸಿವೆ ಕಾಳಿನಂಥ ಹರಳುಗಳಿಂದ ಕೂಡಿರುತ್ತದೆ. ಕೆಲವು ಕೂಸುಗಳು ಪ್ರತಿ ಸಲ ಹಾಲು ಕುಡಿದಾಗಲೂ ಸ್ವಲ್ಪ ಸ್ವಲ್ಪ ಮಾಡುತ್ತವೆ, ದಿನಕ್ಕೆ ಎಂಟು ಹತ್ತು ಸಲವೂ ಆಗಬಹುದು. ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದ್ದು, ಮೂತ್ರ ಮಾಡುತ್ತಿದ್ದು, ತೂಕ ಏರುತ್ತಿದ್ದರೆ ಇದು ಭೇದಿಯಲ್ಲ. ಇದಕ್ಕೆ ಔಷಧಿ ಬೇಕಿಲ್ಲ. "ತಾಯಿಯ ಹಾಲು ಒಗ್ಗುತ್ತಿಲ್ಲ" ಎಂದು ಇಂಥ ಹೊತ್ತಿನಲ್ಲಿ ಎದೆಹಾಲು ಬಿಡಿಸಿ ಡಬ್ಬಿ ಹಾಲು ಶುರು ಮಾಡುವುದು ನಮ್ಮ ಮನೆಗಳಲ್ಲಿ ಕಾಣುವ ದೊಡ್ಡ ತಪ್ಪು. ಇಲ್ಲದ ಭೇದಿಗೆ ಹೆದರಿ ನಿಜವಾದ ಭೇದಿಗೆ ಬಾಗಿಲು ತೆರೆದಂತೆ ಅದು.

ಹಾಗಾದರೆ ಭೇದಿ ಯಾವುದು? ಎಷ್ಟು ಸಲ ಎನ್ನುವುದಕ್ಕಿಂತ ಬದಲಾವಣೆಯನ್ನು ನೋಡಬೇಕು. ನಿನ್ನೆಯವರೆಗೆ ಹರಳು ಹರಳಾಗಿದ್ದದ್ದು ಇಂದು ನೀರಿನಂತೆ ಬಟ್ಟೆಯಲ್ಲಿ ಇಂಗಿ ಹೋಗುತ್ತಿದ್ದರೆ, ಒಮ್ಮೆಲೇ ಸಂಖ್ಯೆ ಹೆಚ್ಚಿದ್ದರೆ, ಕೆಟ್ಟ ವಾಸನೆ ಬರುತ್ತಿದ್ದರೆ ಅದು ಭೇದಿ. ರಕ್ತ ಕಂಡರಂತೂ ಎಣಿಸುತ್ತ ಕೂರಬಾರದು. ಒಂದು ಹನಿಯಾದರೂ ಸರಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಭೇದಿ ಎಲ್ಲಿಂದ ಬರುತ್ತದೆ?

ಹಲ್ಲು ಬರುವಾಗ ಭೇದಿಯಾಗುತ್ತದೆ ಎನ್ನುವ ಮಾತು ಕೇಳಿದ್ದೀರಿ. ಒಂದು ತಿಂಗಳ ಕೂಸಿಗೆ ಹಲ್ಲೆಲ್ಲಿ? ಕೂಸಿನ ಹೊಟ್ಟೆಗೆ ರೋಗಾಣು ಹೋಗುವ ದಾರಿಗಳು ಕೆಲವೇ: ತೊಳೆಯದ ಕೈ, ಬಾಟಲಿ ಮತ್ತು ಅದರ ನಿಪ್ಪಲ್ಲು, ಹೊರಗಿನ ಹಾಲು ಮತ್ತು ನೀರು, ನೆಕ್ಕಿಸುವ ವಸ್ತುಗಳು.

ನೆಕ್ಕಿಸುವ ವಸ್ತುಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೂಸು ಹುಟ್ಟಿದ ಕೂಡಲೇ ಜೇನುತುಪ್ಪ, ಸಕ್ಕರೆ ನೀರು, ಘುಟ್ಟಿ, ಬಜೆ, ಜಾಯಿಕಾಯಿ ತೇಯ್ದ ನೀರು ಕೊಡುವ ರೂಢಿ ಜಾತಿ ಮತ ಭೇದವಿಲ್ಲದೆ ನಮ್ಮ ಸೀಮೆಯಲ್ಲಿದೆ. ತೇಯುವ ಕಲ್ಲು ಅಡುಗೆಮನೆಯ ಮೂಲೆಯಲ್ಲಿರುತ್ತದೆ, ಬೇರು ವರ್ಷಗಟ್ಟಲೆ ಡಬ್ಬಿಯಲ್ಲಿರುತ್ತದೆ. ಅದರ ಮೇಲಿನ ರೋಗಾಣು ದೊಡ್ಡವರಿಗೆ ಏನೂ ಮಾಡದಿರಬಹುದು, ಆದರೆ ಕೂಸಿನ ಕರುಳು ತಡೆಯದು. ಜೇನುತುಪ್ಪದಲ್ಲಿ ಎಳೆಯ ಮಕ್ಕಳ ನರಗಳನ್ನು ಸೋಲಿಸುವ ಒಂದು ವಿಷಕಾರಿ ರೋಗಾಣುವಿನ ಬೀಜ ಇರಬಹುದಾದ್ದರಿಂದ, ಒಂದು ವರ್ಷ ತುಂಬುವವರೆಗೆ ಜೇನು ಕೊಡಲೇಬಾರದು ಎನ್ನುತ್ತಾರೆ ಮಕ್ಕಳ ತಜ್ಞರು.

ತಹ್ನೀಕ್ ಬಗ್ಗೆ ಕೆಲವು ತಾಯಂದಿರು ನನ್ನನ್ನು ಕೇಳಿದ್ದುಂಟು. ಧಾರ್ಮಿಕ ವಿಷಯದಲ್ಲಿ ತೀರ್ಪು ಹೇಳುವ ಅರ್ಹತೆ ನನಗಿಲ್ಲ, ಅದನ್ನು ಉಲೇಮಾಗಳಲ್ಲಿ ಕೇಳಿ. ಆರೋಗ್ಯದ ದೃಷ್ಟಿಯಿಂದ ಹೇಳಬಹುದಾದ್ದು ಇಷ್ಟು: ಮಾಡಿಸುವ ಮೊದಲು ಹೆರಿಗೆ ಮಾಡಿಸಿದ ವೈದ್ಯರನ್ನು ಕೇಳಿ. ಕೆಮ್ಮು, ಜ್ವರ, ಬಾಯಿಹುಣ್ಣು ಇರುವವರು ಕೂಸಿನ ಹತ್ತಿರ ಬರುವುದು ಬೇಡ. ಬೆರಳು ಸೋಪಿನಿಂದ ತೊಳೆದಿರಲಿ. ಅದನ್ನೇ ನೆಪ ಮಾಡಿಕೊಂಡು ಮೂರು ದಿನ ಸಕ್ಕರೆ ನೀರು ನಡೆಸುವುದು, ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು ಖಂಡಿತ ಬೇಡ. ಆ ಗಿಣ್ಣು ಹಾಲೇ ಕೂಸಿನ ಮೊದಲ ಲಸಿಕೆ. ಕರುಳಿನ ಒಳಗೋಡೆಗೆ ಕಾವಲು ಹಾಕುವ ಶಕ್ತಿ ಅದರಲ್ಲಿದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ನೂರಕ್ಕೆ 88ಕ್ಕೂ ಹೆಚ್ಚು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ನೂರಕ್ಕೆ ಸುಮಾರು 42 ಕೂಸುಗಳಿಗೆ ಮಾತ್ರ. ಆಸ್ಪತ್ರೆಗೆ ಹೋಗುವುದನ್ನು ನಾವು ಕಲಿತಿದ್ದೇವೆ, ಆದರೆ ಎದೆಗೆ ಹಾಕುವುದನ್ನು ಇನ್ನೂ ಪೂರ್ತಿ ಕಲಿತಿಲ್ಲ.

ಭೇದಿಯಿಲ್ಲದೆಯೂ ನೀರು ಕಡಿಮೆಯಾಗಬಹುದು

ಇದು ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ. ಮೊದಲ ವಾರದಲ್ಲಿ ಎದೆಹಾಲು ಸರಿಯಾಗಿ ಸಿಗದಿದ್ದರೆ ಒಂದು ಸಲವೂ ಭೇದಿಯಾಗದೆ ಕೂಸು ಒಣಗಬಹುದು. ಹುಟ್ಟಿದ ಮೇಲೆ ಕೂಸಿನ ತೂಕ ಸ್ವಲ್ಪ ಇಳಿಯುವುದು ಸಹಜ. ನೂರಕ್ಕೆ 10 ಪಾಲಿಗಿಂತ ಹೆಚ್ಚು ಇಳಿದರೆ ಎಚ್ಚರಿಕೆಯ ಗಂಟೆ. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು.

ಇಂಥ ಕೂಸು ಅಳುವುದಿಲ್ಲ, ಸುಮ್ಮನೆ ಮಲಗಿರುತ್ತದೆ. ಮನೆಗೆ ಬಂದವರು "ಎಷ್ಟು ಒಳ್ಳೆಯ ಕೂಸು, ರಾತ್ರಿಯೆಲ್ಲ ನಿದ್ದೆ ಮಾಡುತ್ತದೆ" ಎಂದು ಹೊಗಳುತ್ತಾರೆ. ಹತ್ತು ದಿನದ ಕೂಸು ಹಾಲಿಗೆ ಏಳದೆ ಐದಾರು ಗಂಟೆ ಮಲಗುವುದು ಹೊಗಳುವ ಸಂಗತಿಯಲ್ಲ. ಅಳಲು ಶಕ್ತಿಯಿಲ್ಲದೆ ಮಲಗಿದೆಯೇ ಎಂದು ನೋಡಬೇಕು. ಹಗಲು ರಾತ್ರಿ ಸೇರಿ 8ರಿಂದ 12 ಸಲ ಹಾಲು ಕುಡಿಸಬೇಕು. ತಾನಾಗಿ ಏಳದಿದ್ದರೆ ಅಂಗಾಲು ತಟ್ಟಿ ಎಬ್ಬಿಸಿ ಕುಡಿಸಬೇಕು.

ಹಾಲು ಸಾಕಾಗುತ್ತಿದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಐದಾರು ದಿನ ಕಳೆದ ಕೂಸು 24 ಗಂಟೆಯಲ್ಲಿ ಕನಿಷ್ಠ 6 ಸಲ ಮೂತ್ರ ಮಾಡಬೇಕು. ಈಗ ಹೆಚ್ಚಿನ ಮನೆಗಳಲ್ಲಿ ಡೈಪರ್ ಬಂದಿದೆ. ಡೈಪರ್ ಎಲ್ಲವನ್ನೂ ಹೀರಿಕೊಳ್ಳುವುದರಿಂದ ಎಷ್ಟು ಸಲ ಎಂಬ ಲೆಕ್ಕ ಸಿಗುವುದಿಲ್ಲ, ನೀರಿನಂಥ ಮಲವೂ ಮೂತ್ರವೂ ಒಂದೇ ಆಗಿ ಕಾಣುತ್ತದೆ. ಕೂಸಿಗೆ ಹುಷಾರಿಲ್ಲದ ದಿನಗಳಲ್ಲಿ ಹಳೆಯ ಹತ್ತಿ ಬಟ್ಟೆಯನ್ನೇ ಕಟ್ಟಿ. ಗೋಡೆಯ ಕ್ಯಾಲೆಂಡರಿನಲ್ಲಿ ಒಂದೊಂದು ಗೆರೆ ಎಳೆಯಿರಿ. ವೈದ್ಯರು ಕೇಳುವ ಮೊದಲ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇರುತ್ತದೆ.

ನಿರ್ಜಲೀಕರಣದ ಗುರುತುಗಳು

ನಿರ್ಜಲೀಕರಣ ಎಂದರೆ ದೇಹದ ನೀರು ಮತ್ತು ಲವಣ ಕಡಿಮೆಯಾಗುವುದು. ತಾಯಂದಿರು ನೋಡಬೇಕಾದ ಗುರುತುಗಳು ಇವು:

1. ಮೂತ್ರ ಕಡಿಮೆಯಾಗುವುದು, ಗಾಢ ಹಳದಿಯಾಗುವುದು. ಆರು ಗಂಟೆಯಾದರೂ ಬಟ್ಟೆ ಒಣಗಿಯೇ ಇದ್ದರೆ ಕಾಯಬೇಡಿ.

2. ಬಾಯಿ, ನಾಲಿಗೆ ಒಣಗಿ ಅಂಟಂಟಾಗುವುದು. ಎಳೆಯ ಕೂಸಿಗೆ ಅಳುವಾಗ ಕಣ್ಣೀರು ಬರುವುದು ಸಹಜವಾಗಿಯೇ ಕಡಿಮೆ, ಆದ್ದರಿಂದ ಕಣ್ಣೀರನ್ನು ಗುರುತಾಗಿ ನಂಬಬೇಡಿ.

3. ಕಣ್ಣು ಗುಳಿ ಬೀಳುವುದು. ಇದನ್ನು ತಾಯಿಯಷ್ಟು ಬೇಗ ಬೇರೆ ಯಾರೂ ಗುರುತಿಸಲಾರರು.

4. ನೆತ್ತಿಯ ಮೆತ್ತನೆಯ ಭಾಗ, ನಾವು ತಾಲೂ ಎನ್ನುವುದು, ಒಳಕ್ಕೆ ಕುಸಿಯುವುದು. ನೆತ್ತಿ ಬಿದ್ದಿದೆ ಎಂದು ಎಣ್ಣೆ ತಟ್ಟುವುದು, ಅಂಗುಳನ್ನು ಬೆರಳಿನಿಂದ ಮೇಲಕ್ಕೆ ಒತ್ತುವುದು ಮಾಡುತ್ತಾರೆ. ನೆತ್ತಿ ತಾನಾಗಿ ಬೀಳುವುದಿಲ್ಲ. ದೇಹದಲ್ಲಿ ನೀರಿಲ್ಲದ್ದರಿಂದ ಕುಸಿಯುತ್ತದೆ. ಅದಕ್ಕೆ ಬೇಕಾದದ್ದು ಎಣ್ಣೆಯಲ್ಲ, ನೀರು ಮತ್ತು ಲವಣ.

5. ಹೊಟ್ಟೆಯ ಚರ್ಮವನ್ನು ಹೊಕ್ಕುಳಿನ ಪಕ್ಕದಲ್ಲಿ ಮೆಲ್ಲಗೆ ಎರಡು ಬೆರಳಿನಿಂದ ಎತ್ತಿ ಬಿಟ್ಟರೆ ಕೂಡಲೇ ಮೊದಲಿನಂತಾಗಬೇಕು. ನಿಧಾನವಾಗಿ ಇಳಿದರೆ ನೀರು ಕಡಿಮೆಯಾಗಿದೆ ಎಂದರ್ಥ. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಮಡಿಕೆ ನಿಂತರೆ ಸ್ಥಿತಿ ತೀವ್ರವಾಗಿದೆ.

6. ಮೊದಲು ಕಿರಿಕಿರಿ, ಬಿಡದ ಅಳು. ನಂತರ ಮಂಕು, ತೂಕಡಿಕೆ. ಅಳುತ್ತಿದ್ದ ಕೂಸು ಸುಮ್ಮನಾದರೆ ಗುಣವಾಯಿತೆಂದು ಭಾವಿಸಬೇಡಿ. ಎದೆಗೆ ಹಾಕಿ ನೋಡಿ. ಚೀಪಿದರೆ ಸರಿ, ಚೀಪದಿದ್ದರೆ ಅದು ಅಪಾಯ.

ಇವುಗಳ ಜೊತೆಗೆ ಕೂಸು ಹಾಲು ಬಿಟ್ಟರೆ, ಫಿಟ್ಸ್ ಬಂದರೆ, ಮೈ ಬಿಸಿಯಾಗಿ ಕಂಕುಳಿನ ಉಷ್ಣತೆ 99.5 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅಥವಾ ಕೈಕಾಲು, ಹೊಟ್ಟೆ ತಣ್ಣಗಾದರೆ, ಉಸಿರಾಟ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚಾದರೆ, ಮುಟ್ಟಿದರೆ ಮಾತ್ರ ಅಲುಗಾಡುತ್ತಿದ್ದರೆ ಒಂದು ನಿಮಿಷವೂ ತಡ ಮಾಡಬಾರದು. ಏಕೆಂದರೆ ಈ ವಯಸ್ಸಿನಲ್ಲಿ ಭೇದಿ ಹಲವು ಸಲ ಕರುಳಿನ ರೋಗವಷ್ಟೇ ಆಗಿರುವುದಿಲ್ಲ. ರಕ್ತಕ್ಕೇ ಸೋಂಕು ತಗುಲಿರುವುದರ ಗುರುತೂ ಆಗಿರಬಹುದು. ಆದ್ದರಿಂದಲೇ ಎರಡು ತಿಂಗಳೊಳಗಿನ ಕೂಸಿಗೆ ಭೇದಿಯಾದರೆ, ಮೇಲಿನ ಗುರುತು ಒಂದೂ ಇಲ್ಲದಿದ್ದರೂ ಅದೇ ದಿನ ವೈದ್ಯರಿಗೆ ತೋರಿಸಬೇಕು.

ಮನೆಯಲ್ಲಿ ಕೂಡಲೇ ಮಾಡಬೇಕಾದದ್ದು

ಮೊದಲನೆಯದು, ಎದೆಹಾಲು ನಿಲ್ಲಿಸಬಾರದು. ಇನ್ನೂ ಹೆಚ್ಚು ಸಲ, ಹೆಚ್ಚು ಹೊತ್ತು ಕುಡಿಸಬೇಕು. ಎದೆಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರೇ ಇದೆ. ಬೇಸಿಗೆಯಲ್ಲೂ ಆರು ತಿಂಗಳವರೆಗೆ ಬೇರೆ ನೀರು ಬೇಕಿಲ್ಲ ಎನ್ನುವುದು ಇದಕ್ಕೇ. ತಾಯಿಗೇ ಭೇದಿಯಾಗಿದ್ದರೂ ಹಾಲು ನಿಲ್ಲಿಸಬೇಕಿಲ್ಲ, ಕೈ ತೊಳೆದುಕೊಂಡು ಕುಡಿಸಬಹುದು. ಕೂಸು ಚೀಪಲಾರದಷ್ಟು ಸೋತಿದ್ದರೆ ಹಾಲನ್ನು ಹಿಂಡಿ ಒಳಲೆಯಲ್ಲಿ ಕುಡಿಸಿ. ನಮ್ಮ ಅಜ್ಜಿಯರ ಒಳಲೆ ಬಾಟಲಿಗಿಂತ ಎಷ್ಟೋ ಮೇಲು. ಅದರಲ್ಲಿ ಕೊಳೆ ಅಡಗುವ ಮೂಲೆಯಿಲ್ಲ, ತೊಳೆದು ನೀರಿನಲ್ಲಿ ಕುದಿಸಿದರೆ ಸಾಕು.

ಎರಡನೆಯದು, ಬಾಣಂತಿಯ ನೀರು. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಮೈ ನೀರಾಗುತ್ತದೆ ಎಂದು ಲೋಟ ಅಳೆದು ಕೊಡುವ ಮನೆಗಳು ಇಂದಿಗೂ ಇವೆ. ಹಾಲೂಡಿಸುವ ತಾಯಿಗೆ ಬಾಯಾರಿದಷ್ಟೂ ನೀರು ಕೊಡಬೇಕು, ಹೊಟ್ಟೆ ತುಂಬ ಊಟ ಕೊಡಬೇಕು. ರಂಜಾನ್ ತಿಂಗಳಲ್ಲಿ ಹಾಲೂಡಿಸುವ ತಾಯಿಗೆ ತನಗಾಗಲಿ ಮಗುವಿಗಾಗಲಿ ತೊಂದರೆಯಾಗುವ ಭಯವಿದ್ದರೆ ಉಪವಾಸ ಮುಂದೂಡುವ ವಿನಾಯಿತಿ ಇದೆ ಎಂಬುದನ್ನು ಅತ್ತೆಯಂದಿರೇ ಮುಂದಾಗಿ ಸೊಸೆಗೆ ಹೇಳಬೇಕು. ಸೊಸೆ ತಾನಾಗಿ ಕೇಳಲು ಸಂಕೋಚಪಡುತ್ತಾಳೆ.

ಮೂರನೆಯದು, ಓ.ಆರ್.ಎಸ್. ದ್ರಾವಣ. ಎರಡು ತಿಂಗಳೊಳಗಿನ ಕೂಸಿಗೆ ಪ್ರತಿ ಸಲ ಭೇದಿಯಾದ ಮೇಲೆ 5 ಚಹಾ ಚಮಚದಷ್ಟು ದ್ರಾವಣವನ್ನು ನಿಧಾನವಾಗಿ ಕೊಡಲು ಆಶಾ ಕಾರ್ಯಕರ್ತೆಯರು ಹೇಳಿಕೊಡುತ್ತಾರೆ. ಕೂಸು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಕೊಡಬೇಕು. ಇದು ಆಸ್ಪತ್ರೆ ಸೇರುವವರೆಗಿನ ಆಸರೆ, ಆಸ್ಪತ್ರೆಗೆ ಬದಲಿ ಅಲ್ಲ. ನಿರ್ಜಲೀಕರಣದ ಗುರುತು ಕಂಡಿದ್ದರೆ ಎಷ್ಟು ಕೊಡಬೇಕೆಂಬುದನ್ನು ಕೂಸಿನ ತೂಕ ನೋಡಿ ವೈದ್ಯರೇ ಹೇಳಬೇಕು. ಮಂಕಾಗಿರುವ, ನುಂಗಲಾರದ ಕೂಸಿನ ಬಾಯಿಗೆ ಏನನ್ನೂ ಸುರಿಯಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಓ.ಆರ್.ಎಸ್. ಪೊಟ್ಟಣದ ಕಥೆ

ವಿದ್ಯಾರ್ಥಿಗಳೇ, ಈ ಪೊಟ್ಟಣದ ಹಿಂದೆ ಒಂದು ಕಥೆಯಿದೆ. 1971ರ ಬಾಂಗ್ಲಾದೇಶ ವಿಮೋಚನಾ ಯುದ್ಧದ ಕಾಲದಲ್ಲಿ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬಂದರು. ಗಡಿಯ ಬನಗಾಂವ್ ಎಂಬಲ್ಲಿ ಕಾಲರಾ ಹಬ್ಬಿತು. ರಕ್ತನಾಳದ ಮೂಲಕ ಕೊಡುವ ಸಲೈನ್ ಸಾಲದಾಯಿತು. ಆಗ ಡಾ. ದಿಲೀಪ್ ಮಹಾಲನಬೀಸ್ ಎಂಬ ಮಕ್ಕಳ ವೈದ್ಯರು ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾಗಳನ್ನು ಅಳೆದು ನೀರಿನಲ್ಲಿ ಕರಗಿಸಿ, ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಲು ಹೇಳಿದರು. ನೂರಕ್ಕೆ 20-30 ಜನ ಸಾಯುತ್ತಿದ್ದ ಕಡೆ ಸಾವು ನೂರಕ್ಕೆ 4ಕ್ಕಿಂತ ಕೆಳಗಿಳಿಯಿತು. ಜೀವ ಉಳಿಸಿದ್ದು ಓದು ಬರಹ ಬಾರದ ತಾಯಿ ತಂದೆಯರ ಕೈ ಎಂಬುದನ್ನು ಮರೆಯಬೇಡಿ. ಮಹಾಲನಬೀಸರು 2022ರಲ್ಲಿ ತೀರಿಕೊಂಡರು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಣೆಯಾಯಿತು.

ಸಕ್ಕರೆ ಮತ್ತು ಉಪ್ಪು ಎರಡೂ ಏಕೆ ಬೇಕು? ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಜೊತೆಯಾಗಿ ಒಳಗೆ ಹೋಗುವ ಬಾಗಿಲುಗಳಿವೆ. ಭೇದಿಯ ಸಮಯದಲ್ಲೂ ಆ ಬಾಗಿಲು ತೆರೆದೇ ಇರುತ್ತದೆ. ಅವೆರಡೂ ಒಳಗೆ ಹೋದರೆ ಅವುಗಳ ಹಿಂದೆ ನೀರೂ ಹೋಗುತ್ತದೆ. ಆದರೆ ಪ್ರಮಾಣ ಸರಿಯಿರಬೇಕು. ಸಕ್ಕರೆ ಹೆಚ್ಚಾದರೆ ಅದೇ ಕರುಳಿಗೆ ನೀರು ಎಳೆದು ಭೇದಿ ಹೆಚ್ಚಿಸುತ್ತದೆ. ಉಪ್ಪು ಹೆಚ್ಚಾದರೆ ಕೂಸಿನ ಮಿದುಳಿಗೇ ಅಪಾಯ.

ಈಗಿನ ಸೂತ್ರದ ದೊಡ್ಡ ಪೊಟ್ಟಣದಲ್ಲಿ ಸುಮಾರು 20.5 ಗ್ರಾಂ ಪುಡಿ ಇರುತ್ತದೆ, ಅದಕ್ಕೆ 1 ಲೀಟರ್ ನೀರು. ಸಣ್ಣ ಪೊಟ್ಟಣಕ್ಕೆ 200 ಮಿಲಿಲೀಟರ್ ನೀರು. ಎಷ್ಟು ನೀರು ಎಂಬುದು ಪೊಟ್ಟಣದ ಮೇಲೇ ಬರೆದಿರುತ್ತದೆ. ಕುದಿಸಿ ಆರಿಸಿದ ನೀರನ್ನು ಅಳತೆಯ ಪಾತ್ರೆಯಲ್ಲಿ ತೆಗೆದುಕೊಂಡು, ಇಡೀ ಪೊಟ್ಟಣವನ್ನು ಒಮ್ಮೆಗೇ ಹಾಕಿ ಕಲಸಬೇಕು. ಹಾಲು, ಸಕ್ಕರೆ, ನಿಂಬೆರಸ ಏನೂ ಸೇರಿಸಬಾರದು. ಮುಚ್ಚಿಟ್ಟು 24 ಗಂಟೆಯೊಳಗೆ ಬಳಸಬೇಕು, ಉಳಿದದ್ದು ಚೆಲ್ಲಬೇಕು. ಮನೆಯ ಉಪ್ಪು ಸಕ್ಕರೆಯ ನೀರು ದೊಡ್ಡ ಮಕ್ಕಳಿಗೆ ತುರ್ತಿಗೆ ಆಗಬಹುದು. ಹಸುಗೂಸಿಗೆ ಅಂದಾಜಿನ ಚಿಟಿಕೆ ಬೇಡ.

ನನ್ನ ತರಗತಿಯ ಒಬ್ಬ ಹುಡುಗಿ ಹೇಳಿದ್ದನ್ನು ಇಲ್ಲಿ ಹೇಳಬೇಕು. ಅವಳ ಅಣ್ಣನ ಕೂಸಿಗೆ ಇಪ್ಪತ್ತು ದಿನ. ಭೇದಿ ಶುರುವಾಗಿತ್ತು. ಆಶಾ ಕೊಟ್ಟಿದ್ದ ದೊಡ್ಡ ಪೊಟ್ಟಣವನ್ನು ಅವಳ ದಾದಿ ಒಂದೇ ಲೋಟ ನೀರಿಗೆ ಹಾಕಿ ಕಲಸುತ್ತಿದ್ದರು. ಮಂದವಾಗಿದ್ದರೆ ಬೇಗ ಗುಣ ಎಂಬುದು ಅವರ ಲೆಕ್ಕ. ಹುಡುಗಿ ಶಾಲೆಯಿಂದ ಬಂದವಳು ಪೊಟ್ಟಣ ತಿರುಗಿಸಿ ನೋಡಿದಳು. ಹಿರಿಯರ ಕೈ ಹಿಡಿಯುವುದು ಹೇಗೆ? "ದಾದಿ, ಇದರ ಮೇಲೆ ಏನೋ ಬರೆದಿದೆ, ಓದಿ ಹೇಳ್ಲಾ?" ಎಂದಳಂತೆ. ಓದಿದಳು, ಉರ್ದುವಿನಲ್ಲಿ ಬಿಡಿಸಿ ಹೇಳಿದಳು. ದಾದಿ ಆ ಲೋಟ ಚೆಲ್ಲಿ, ಲೀಟರ್ ಅಳತೆಯಲ್ಲಿ ಬೇರೆ ಪೊಟ್ಟಣ ಕಲಸಿದರು. ಸಂಜೆಯೊಳಗೆ ಕೂಸನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ಕೂಸು ಚೆನ್ನಾಗಿದೆ. ಆ ಹುಡುಗಿ ಪರೀಕ್ಷೆಯಲ್ಲಿ ಕನ್ನಡಕ್ಕೆ ಎಷ್ಟು ಅಂಕ ಪಡೆದಳೋ ನೆನಪಿಲ್ಲ, ಆ ದಿನ ಅವಳು ಓದಿದ್ದಕ್ಕೆ ನಾನು ನೂರಕ್ಕೆ ನೂರು ಕೊಡುತ್ತೇನೆ.

ಇನ್ನೊಂದು ಎಚ್ಚರಿಕೆ. ಅಂಗಡಿಯಲ್ಲಿ ಸಿಗುವ ರಟ್ಟಿನ ಪೊಟ್ಟಣದ ಸಿಹಿ ಪಾನೀಯಗಳು ಹಲವು ವರ್ಷ ಓ.ಆರ್.ಎಸ್. ಎಂಬ ಹೆಸರು ಹೊತ್ತು ಮಾರಾಟವಾದವು. ಅವುಗಳಲ್ಲಿ ಸಕ್ಕರೆ ಹೆಚ್ಚು, ಲವಣ ಕಡಿಮೆ. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಆ ಹೆಸರು ಬಳಸಬಾರದೆಂದು ಆದೇಶಿಸಿತು. ಔಷಧಿ ಅಂಗಡಿಯಲ್ಲಿ ಕೇಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿ ಎಂದೇ ಕೇಳಿ, ಪೊಟ್ಟಣದ ಮೇಲೆ ಓದಿ ನೋಡಿ.

ಸತುವಿನ, ಅಂದರೆ ಜಿಂಕ್ ಮಾತ್ರೆಯ ವಿಷಯ. 2 ತಿಂಗಳು ತುಂಬಿದ ಮೇಲೆ 6 ತಿಂಗಳವರೆಗಿನ ಮಕ್ಕಳಿಗೆ ದಿನಕ್ಕೆ 10 ಮಿ.ಗ್ರಾಂ., ನಂತರ 20 ಮಿ.ಗ್ರಾಂ.ನಂತೆ 14 ದಿನ ಕೊಡುತ್ತಾರೆ. ಭೇದಿ ನಿಂತರೂ 14 ದಿನ ಪೂರ್ತಿ ಮಾಡಬೇಕು. 2 ತಿಂಗಳೊಳಗಿನ ಕೂಸಿಗೆ ವೈದ್ಯರು ಹೇಳದೆ ಕೊಡಬೇಡಿ.

ಮಾಡಬಾರದ ಕೆಲಸಗಳು

ಭೇದಿ ನಿಲ್ಲಿಸುವ ಮಾತ್ರೆಯನ್ನು ಚೂರು ಮಾಡಿ ಕೊಡಬಾರದು. ಕರುಳಿನ ಚಲನೆಯೇ ನಿಂತು ಹೊಟ್ಟೆ ಉಬ್ಬಿ ಪ್ರಾಣಕ್ಕೆ ಕುತ್ತಾಗುತ್ತದೆ. ಪಕ್ಕದ ಮನೆಯ ಮಗುವಿಗೆ ಬರೆದುಕೊಟ್ಟ ಆಂಟಿಬಯೋಟಿಕ್ ಕೊಡಬಾರದು. ಅಫೀಮಿನ ಅಂಶವಿರುವ ಯಾವುದನ್ನೂ ನೆಕ್ಕಿಸಬಾರದು. ಚಹಾ, ಗಂಜಿ ತಿಳಿ, ಎಳನೀರು, ಗ್ಲೂಕೋಸ್ ಪುಡಿಯ ನೀರು ಈ ವಯಸ್ಸಿಗೆ ಬೇಡ.

ನಮ್ಮ ಕೆಲವು ಕಡೆ ಇನ್ನೂ ಹೊಟ್ಟೆಯ ಮೇಲೆ ಬರೆ ಹಾಕಿಸುವ ಪದ್ಧತಿ ಇದೆ. ಕಾಯಿಸಿದ ಬಳೆಚೂರಿನಿಂದಲೋ ಸೂಜಿಯಿಂದಲೋ ಸುಡುವುದು. ನೀರಿಲ್ಲದೆ ಒಣಗುತ್ತಿರುವ ಕೂಸಿಗೆ ಸುಟ್ಟ ಗಾಯವನ್ನೂ ಕೊಡುವುದು ಚಿಕಿತ್ಸೆಯಲ್ಲ, ಹಿಂಸೆ. ನಜರ್ ತಗುಲಿದೆ ಎಂದು ದುಆ ಓದಿ ಊದಿಸಿಕೊಳ್ಳಬೇಕೆನ್ನುವವರು ಊದಿಸಿಕೊಳ್ಳಲಿ, ಆದರೆ ಅದು ಆಸ್ಪತ್ರೆಯ ದಾರಿಯಲ್ಲಿ ಆಗಲಿ. ದುಆಗೂ ದವಾಗೂ ಜಗಳವಿಲ್ಲ.

ಆಸ್ಪತ್ರೆಗೆ ಹೊರಡುವಾಗ

108ಕ್ಕೆ ಕರೆ ಮಾಡಿ. ದಾರಿಯಲ್ಲಿ ಕೂಸಿಗೆ ಟೋಪಿ, ಕಾಲುಚೀಲ ಹಾಕಿ, ತಾಯಿಯ ಎದೆಗೆ ಚರ್ಮ ತಾಗುವಂತೆ ಅಪ್ಪಿಕೊಂಡು ಮೇಲೆ ಹೊದಿಸಿ. ನೀರು ಕಡಿಮೆಯಾದ ಕೂಸು ಬೇಗ ತಣ್ಣಗಾಗುತ್ತದೆ. ಚೀಪುವ ಶಕ್ತಿಯಿದ್ದರೆ ದಾರಿಯುದ್ದಕ್ಕೂ ಹಾಲು ಕುಡಿಸಿ. ತಾಯಿ ಕಾರ್ಡ್ ಮರೆಯಬೇಡಿ.

ಖರ್ಚಿನ ಭಯದಿಂದ ತಡ ಮಾಡುವವರಿದ್ದಾರೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ನವಜಾತ ಶಿಶುವಿನ ಚಿಕಿತ್ಸೆ, ಔಷಧಿ, ಪರೀಕ್ಷೆ, ವಾಹನ ಎಲ್ಲವೂ ಉಚಿತ. ಒಂದು ವರ್ಷದೊಳಗಿನ ಮಕ್ಕಳಿಗೂ ನಂತರ ಈ ಸೌಲಭ್ಯ ವಿಸ್ತರಿಸಿದ್ದಾರೆ. ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆಂದೇ ವಿಶೇಷ ಆರೈಕೆ ಘಟಕಗಳಿವೆ. ಇದು ಭಿಕ್ಷೆಯಲ್ಲ, ನಿಮ್ಮ ಕೂಸಿನ ಹಕ್ಕು.

ರಾತ್ರಿ ಹೊತ್ತು ಗಂಡಸರು ಮನೆಯಲ್ಲಿಲ್ಲ, ಅವರು ಬರಲಿ ಎಂದು ಕಾಯುವುದು ನಮ್ಮ ಮನೆಗಳ ಇನ್ನೊಂದು ಸಂಕಟ. ಸಭೆಯಲ್ಲಿರುವ ಸಹೋದರರಲ್ಲಿ ನನ್ನ ವಿನಂತಿ ಇದು. ಕೂಸಿರುವ ಮನೆಯ ಹೆಂಗಸರಿಗೆ ಇಂದೇ ಹೇಳಿ: "ನನ್ನನ್ನು ಕೇಳಲು ಕಾಯಬೇಡ, ಕೂಸು ಹಾಲು ಬಿಟ್ಟರೆ ಹೊರಡು." ಒಂದಿಷ್ಟು ಹಣ ಅವರ ಕೈಯಲ್ಲಿರಲಿ. ಈ ಒಂದು ಮಾತು ಎಷ್ಟೋ ಔಷಧಿಗಳಿಗಿಂತ ದೊಡ್ಡದು.

ಬಾರದಂತೆ ತಡೆಯುವುದು

ಆರು ತಿಂಗಳು ಎದೆಹಾಲು ಮಾತ್ರ. ನಂತರ ಮೆತ್ತನೆಯ ಆಹಾರದ ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಮುಂದುವರಿಯಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೂರಃ ಅಲ್-ಬಕರದಲ್ಲಿಯೂ ಪೂರ್ಣ ಎರಡು ವರ್ಷ ಹಾಲೂಡಿಸುವ ಪ್ರಸ್ತಾಪವಿರುವುದು ನಿಮಗೆಲ್ಲ ತಿಳಿದಿದೆ. ಬಾಟಲಿಯನ್ನು ಮನೆಗೆ ತರಬೇಡಿ. ಬಾಟಲಿ, ಡಬ್ಬಿ ಹಾಲುಗಳ ಜಾಹೀರಾತನ್ನು ನಮ್ಮ ದೇಶ 1992ರ ಕಾಯ್ದೆಯಲ್ಲೇ ನಿಷೇಧಿಸಿದೆ. ವೈದ್ಯರ ಸಲಹೆಯಂತೆ ಹೊರಗಿನ ಹಾಲು ಕೊಡಲೇಬೇಕಾದ ಕೂಸಿಗೆ ಕುದಿಸಿದ ಒಳಲೆ ಅಥವಾ ಬಟ್ಟಲು ಬಳಸಿ.

ಕೂಸನ್ನು ಎತ್ತಿಕೊಳ್ಳುವ ಮೊದಲು, ಹಾಲು ಕುಡಿಸುವ ಮೊದಲು, ಬಟ್ಟೆ ಬದಲಿಸಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಕೂಸಿನ ಮಲ ಶುದ್ಧ, ಅದರಿಂದ ರೋಗ ಬಾರದು ಎಂಬುದು ತಪ್ಪು ಕಲ್ಪನೆ. ಕೂಸು ನೋಡಲು ಬರುವ ನೆಂಟರಿಗೆ ಮೊದಲು ಕೈ ತೊಳೆಯಲು ನೀರು, ಆಮೇಲೆ ಚಹಾ.

ರೋಟಾ ವೈರಸ್ ಎಂಬುದು ಎಳೆಯ ಮಕ್ಕಳ ತೀವ್ರ ಭೇದಿಗೆ ದೊಡ್ಡ ಕಾರಣ. ಅದರ ಲಸಿಕೆ 2016ರಿಂದ ಹಂತ ಹಂತವಾಗಿ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ಸೇರಿದೆ. 6, 10 ಮತ್ತು 14ನೇ ವಾರಗಳಲ್ಲಿ ಬಾಯಿಯ ಮೂಲಕ ಉಚಿತವಾಗಿ ಕೊಡುತ್ತಾರೆ. ತಪ್ಪಿಸಬೇಡಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕೆಂಬ ನಿಯಮವಿದೆ. ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಸಹಿ ಹಾಕಿ ಕಳುಹಿಸಬೇಡಿ. ಒಳಗೆ ಕರೆಯಿರಿ, ಕೂಸನ್ನು ತೂಗಿಸಿ, ಓ.ಆರ್.ಎಸ್. ಪೊಟ್ಟಣ ಕೇಳಿ ಪಡೆಯಿರಿ. ಅವರ ಕನ್ನಡ ನಿಮಗೆ, ನಿಮ್ಮ ಉರ್ದು ಅವರಿಗೆ ಅರ್ಥವಾಗದಿದ್ದರೆ ಮನೆಯ ಶಾಲೆಯ ಮಗುವನ್ನು ನಡುವೆ ಕೂರಿಸಿಕೊಳ್ಳಿ.

ವಿದ್ಯಾರ್ಥಿಗಳಿಗೆ ಎರಡು ಮಾತು

ಅದೇ ಸಮೀಕ್ಷೆಯಲ್ಲಿ ಭೇದಿಯಾದ ಐದು ವರ್ಷದೊಳಗಿನ ಮಕ್ಕಳಲ್ಲಿ ಓ.ಆರ್.ಎಸ್. ಸಿಕ್ಕಿದ್ದು ನೂರಕ್ಕೆ ಸುಮಾರು 61 ಮಕ್ಕಳಿಗೆ. ಉಳಿದ 39 ಮಕ್ಕಳ ಮನೆಗಳಲ್ಲಿಯೂ ಶಾಲೆಗೆ ಹೋಗುವ ಯಾರಾದರೂ ಇದ್ದಿರಬಹುದಲ್ಲವೇ? ಪೊಟ್ಟಣದ ಬೆಲೆ ಕೆಲವೇ ರೂಪಾಯಿ, ಆಶಾ ಹತ್ತಿರ ಅದೂ ಉಚಿತ. ಕೊರತೆಯಿರುವುದು ಪೊಟ್ಟಣಕ್ಕಲ್ಲ, ತಿಳುವಳಿಕೆಗೆ.

ನೀವು ಎರಡು ಭಾಷೆ ಓದಬಲ್ಲಿರಿ. ನಿಮ್ಮ ನಾನಿ, ದಾದಿಯರಿಗೆ ಆ ಅವಕಾಶ ಸಿಗಲಿಲ್ಲ. ಅವರು ನಿಮ್ಮನ್ನು ಬೆಳೆಸಿದವರು. ಅವರನ್ನು ತಿದ್ದುವ ದನಿಯಲ್ಲಿ ಅಲ್ಲ, ಓದಿ ಹೇಳುವ ದನಿಯಲ್ಲಿ ಹೇಳಿ. ಪ್ರತಿ ವರ್ಷ ಜುಲೈ 29ರಂದು ಓ.ಆರ್.ಎಸ್. ದಿನ ಆಚರಿಸುತ್ತಾರೆ. ಆ ದಿನ ನಮ್ಮ ಸಂಸ್ಥೆಯ ಎಲ್ಲ ಶಾಲೆಗಳಲ್ಲಿ ಎಂಟನೇ ತರಗತಿಯಿಂದ ಮೇಲಿನ ಪ್ರತಿ ವಿದ್ಯಾರ್ಥಿಯೂ ಒಂದು ಲೀಟರ್ ನೀರು ಅಳೆದು ಒಂದು ಪೊಟ್ಟಣವನ್ನು ಸರಿಯಾಗಿ ಕಲಸಿ ತೋರಿಸುವ ಕಾರ್ಯಕ್ರಮ ನಡೆಯಲಿ ಎಂದು ಪದಾಧಿಕಾರಿಗಳಲ್ಲಿ ಕೇಳಿಕೊಳ್ಳುತ್ತೇನೆ. ಹುಡುಗಿಯರಷ್ಟೇ ಅಲ್ಲ, ಹುಡುಗರೂ ಕಲಸಬೇಕು. ಅವರೂ ಮುಂದೆ ತಂದೆಯಾಗುವವರು.

ಕೊನೆಯದಾಗಿ, ಇಷ್ಟು ಹೊತ್ತು ಹೇಳಿದ್ದರಲ್ಲಿ ನಾಲ್ಕೇ ಮಾತು ನೆನಪಿಟ್ಟರೂ ಸಾಕು. ಎದೆಹಾಲು ನಿಲ್ಲಿಸಬೇಡಿ. ಮೂತ್ರ ಎಣಿಸಿ. ಪೊಟ್ಟಣ ಓದಿ ಕಲಸಿ. ಕೂಸು ಹಾಲು ಬಿಟ್ಟರೆ, ಮಂಕಾದರೆ ಬೆಳಗಾಗಲಿ ಎಂದು ಕಾಯಬೇಡಿ.

 ನಿಮ್ಮ ಮನೆಯ ತೊಟ್ಟಿಲುಗಳು ತುಂಬಿರಲಿ, ಅವುಗಳಲ್ಲಿನ ಕೂಸುಗಳು ಗಟ್ಟಿಯಾಗಿ ಅಳುತ್ತ, ಹೊಟ್ಟೆ ತುಂಬ ಹಾಲು ಕುಡಿಯುತ್ತ ಬೆಳೆಯಲಿ. ಖುದಾ ಹಾಫಿಜ್.